ಕೈ ನಿಲ್ಲದ ಹಾಡು

ಫೆಬ್ರವರಿ 3, 2003

ಕಂಚು,

ಫೋನು ಮಾಡಬಹುದಿತ್ತು. ಮಾಡಲಿಲ್ಲ. ನಿನ್ನ ದನಿ ಕೇಳಿದರೆ ನನ್ನ ಸಿಟ್ಟು ಅರ್ಧ ಇಳಿದುಬಿಡುತ್ತದೆ. ಹೆಂಡತಿಯ ತಮ್ಮ ಎಂಬ ಸಲಿಗೆ ಒಂದು, ಆ ಹಾಳು ಕಂಚಿನ ಗಂಟಲು ಇನ್ನೊಂದು. ಅದಕ್ಕೇ ಕಾಗದ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನಿಮ್ಮ ತಂಡದ ಆರನೇ ರೆಕಾರ್ಡು ಮೊನ್ನೆ ಶನಿವಾರ ಕೈಗೆ ಬಂತು. ಹೇಗೆ ಬಂತು ಗೊತ್ತೇನು? ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ, ಕಾಲೇಜು ಹುಡುಗರ ಹಿಂದೆ ಸಾಲಿನಲ್ಲಿ ನಿಂತು ನಾನೇ ಕೊಂಡು ತಂದೆ. "ಅಂಕಲ್, ಇದು ರಾಕ್. ಹಳೇ ಹಾಡುಗಳು ಆ ಕಡೆ ಇವೆ" ಎಂದ ಅಂಗಡಿಯವನು. ಅವನ ಬೆನ್ನ ಹಿಂದಿನ ಗೋಡೆಯಲ್ಲಿ ನಿಮ್ಮ ಮೊದಲ ರೆಕಾರ್ಡಿನ ಚಿತ್ರ ಅಂಟಿಸಿತ್ತು. ಅದರಲ್ಲಿ ನಿಮ್ಮ ನಾಲ್ವರ ಹಿಂದೆ ಕಾಣುವ ಸ್ಪೀಕರ್ ಪೆಟ್ಟಿಗೆ ರಿಪೇರಿ ಮಾಡಿದವನು ನಾನೇ ಕಣಯ್ಯ ಎಂದು ಹೇಳಲು ಬಾಯಿ ತೆರೆದೆ. ನಾಲಿಗೆ ಕಚ್ಚಿಕೊಂಡು ಚಿಲ್ಲರೆ ತೆಗೆದುಕೊಂಡು ಬಂದೆ.

ಹಿಂದಿನ ಐದೂ ಹೀಗೆ ಬರಲಿಲ್ಲ. ಎರಡು ತಿಂಗಳು ಮೊದಲೇ ಅಂಚೆಯಲ್ಲಿ ಕ್ಯಾಸೆಟ್ ಬರುತ್ತಿತ್ತು. ಮೇಲೆ ನಿನ್ನ ಕಾಗೆ ಕಾಲಿನ ಅಕ್ಷರ: "ಭಾವ, ಕೈ ನಿಲ್ಲುತ್ತಾ ನೋಡಿ." ನಾನು ಬೆಳಗ್ಗೆ ಅಂಗಡಿ ತೆಗೆದ ಕೂಡಲೇ ಹಾಕುತ್ತಿದ್ದೆ. ಮೊದಲ ಸಲ ಸುಮ್ಮನೆ ಕೂತು. ಎರಡನೇ ಸಲ ಕಣ್ಣು ಮುಚ್ಚಿ. ಮೂರನೇ ಸಲ ಯಾರದೋ ರೇಡಿಯೋ ಬಿಚ್ಚಿ ಬೆಸುಗೆ ಹಾಕುತ್ತಾ. ಬೆಸುಗೆಯ ನಡುವೆ ಕೈ ತಾನಾಗಿ ನಿಂತರೆ ಆ ಹಾಡು ಪಾಸು. ಕೈ ನಿಲ್ಲದಿದ್ದರೆ ನಪಾಸು. ಹಾಗೆಂದು ಬರೆದು ಹಾಕುತ್ತಿದ್ದೆ. ನಪಾಸಾದದ್ದನ್ನು ನೀವು ಏನು ಮಾಡುತ್ತಿದ್ದಿರೋ ನಾನು ಕೇಳಿದವನಲ್ಲ.

ಈ ಸಲ ಕ್ಯಾಸೆಟ್ ಇಲ್ಲ, ಚೀಟಿ ಇಲ್ಲ. ಮನೆಯವನನ್ನು ಮದುವೆಗೆ ಕರೆಯದೆ ಊಟಕ್ಕೆ ಟಿಕೆಟ್ ಇಟ್ಟ ಹಾಗಾಯಿತು.

ಸರಿ, ಹಾಡಿಗೆ ಬರೋಣ. ಏನಯ್ಯ ಇದು? ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ ಹಾಗಿದೆ! ಎಲ್ಲಿ ನಿಮ್ಮ ಆ ಗರಗರ? ಜನ ಯಾಕೆ ನಿಮ್ಮ ಹಿಂದೆ ಬಿದ್ದರು ಮರೆತೆಯಾ? ಇಪ್ಪತ್ತೆರಡು ವರ್ಷದ ಹಿಂದೆ ಶಾಲೆಯ ಸಭಾಂಗಣದಲ್ಲಿ ನಿಮ್ಮ ಮೊದಲ ಕಾರ್ಯಕ್ರಮದ ಹಿಂದಿನ ದಿನ ನೀನು ಆ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಂದ ಬೀಳಿಸಿದೆ. ಸ್ಪೀಕರಿನ ಕಾಗದ ಅಂಗೈ ಅಗಲ ಹರಿದಿತ್ತು. ನೀನು ಮೆಟ್ಟಿಲ ಮೇಲೆ ಕೂತು ಮೂಗು ಒರೆಸಿಕೊಂಡು ಅತ್ತೆ, ಹತ್ತೊಂಬತ್ತು ವರ್ಷದ ಕತ್ತೆ. ಆಗ ನನ್ನ ಮದುವೆಯಾಗಿ ಎಂಟು ತಿಂಗಳು. ನಿನ್ನಕ್ಕನ ಮದುವೆಯ ಕೋಟಿನ ಒಳಗಿನ ಲೈನಿಂಗ್ ಕತ್ತರಿಸಿ, ಅಂಟು ಬಳಿದು ತೇಪೆ ಹಾಕಿಕೊಟ್ಟೆ. ಮಾರನೆಯ ದಿನ ನಿನ್ನ ಗಿಟಾರಿನಿಂದ ಆ ಗರಗರ ಸದ್ದು ಬಂತು. ಅದು ನಿನ್ನ ಬೆರಳಿನದಲ್ಲ, ನನ್ನ ತೇಪೆಯದು. ಇದನ್ನು ನಾನು ಎಂದಾದರೂ ಯಾರ ಮುಂದಾದರೂ ಹೇಳಿಕೊಂಡಿದ್ದೇನೆಯೇ? ನಿನ್ನಕ್ಕ ಪಕ್ಕದಲ್ಲಿ ನಿಂತು "ದಿನಾ ಹೇಳ್ತೀರಿ" ಎನ್ನುತ್ತಿದ್ದಾಳೆ. ಅವಳ ಮಾತು ಬಿಡು.

ಕಾರಣ ನನಗೆ ಗೊತ್ತು. ಆ ಹೊಸಬಳು. ಕೀಬೋರ್ಡಿನವಳು. ಹಿಟ್ಟಿನ ಮೇಲೆ ನೀರು ಚೆಲ್ಲಿದ ಹಾಗೆ ಎಲ್ಲ ಹಾಡಿನ ಮೇಲೂ ಅವಳೇ ಹರಡಿಕೊಂಡಿದ್ದಾಳೆ. ನಾಲ್ಕನೇ ಹಾಡೊಂದು ಬಚಾವು. ಅದರಲ್ಲಿ ನನ್ನ ಪೆಟ್ಟಿಗೆ ಇದೆ. ಶುರುವಾದ ಮೂರನೇ ಕ್ಷಣಕ್ಕೆ ಕೈ ನಿಂತಿತು, ಬೆಸುಗೆ ಕಡ್ಡಿ ಮೇಜು ಸುಟ್ಟಿತು. ಕೊನೆಯ ಹಾಡಿದೆಯಲ್ಲ, ಅದರಂಥ ದರಿದ್ರ ಇನ್ನೊಂದಿಲ್ಲ. ಶೀಶೆಯಲ್ಲಿ ಸಿಕ್ಕಿಕೊಂಡ ನೊಣದ ಹಾಗೆ ಮೊದಲಿಂದ ಕೊನೆಯವರೆಗೆ ಗುಂಯ್. ನಿನ್ನಕ್ಕನಿಗೆ ಅದೇ ಇಷ್ಟವಂತೆ. ಅವಳಿಗೇನು ಗೊತ್ತು.

ಭಾವ


ಫೆಬ್ರವರಿ 15, 2003

ಭಾವ,

ನಿಮ್ಮ ಕಾಗದ ನಿಜಕ್ಕೂ ಬಿಸಿಯಾಗಿಯೇ ಬಂತು. ಓದಿ ಮುಗಿಸುವಷ್ಟರಲ್ಲಿ ಬೆವರಿದೆ.

ಕ್ಯಾಸೆಟ್ ಕಳಿಸದೇ ಇದ್ದದ್ದು ತಪ್ಪು. ಈ ಸಲ ಎಲ್ಲವೂ ಅವಸರದಲ್ಲಿ ಆಯಿತು. ರೆಕಾರ್ಡಿಂಗ್ ಕೋಣೆ ಒಂದೂವರೆ ವಾರಕ್ಕೆ ಮಾತ್ರ ಸಿಕ್ಕಿತ್ತು, ಆಮೇಲೆ ಡ್ರಮ್ಮಿನ ಗುದ್ದಣ್ಣನಿಗೆ ಜ್ವರ. ಅದರ ನಡುವೆ ಹೇಗೋ ಮರೆತುಹೋಯಿತು. ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಹೊಸಬಳು ಒಳ್ಳೆಯವಳು, ಭಾವ. ಮಾತು ಕಡಿಮೆ. ಬಂದು ಒಂದೂವರೆ ವರ್ಷವಾಯಿತು. ಮೊದಲು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದಳಂತೆ, ಆದ್ದರಿಂದ ನಿಮ್ಮ ಜಾತಿಯವಳೇ ಎನ್ನಿ, ಸ್ಕ್ರೂಡ್ರೈವರ್ ಜಾತಿ. ನಿಮ್ಮ ಬಗ್ಗೆ ಆಗಾಗ ಕೇಳುತ್ತಿರುತ್ತಾಳೆ.

ಏಪ್ರಿಲ್ 19ಕ್ಕೆ ಇಲ್ಲಿಯ ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ. ಇದರ ಜೊತೆ ಎರಡು ಟಿಕೆಟ್ ಇಟ್ಟಿದ್ದೇನೆ, ಮುಂದಿನ ಸಾಲು, ನಡುವಿನ ಕುರ್ಚಿ. ಅಕ್ಕನನ್ನು ಕರೆದುಕೊಂಡು ಬನ್ನಿ. ಅವಳ ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವಳಲ್ಲ.

ನಾಲ್ಕನೇ ಹಾಡು ಹಿಡಿಸಿತು ಎಂದಿರಿ. ಸಂತೋಷವಾಯಿತು.

ನಿಮ್ಮ
ಕಂಚು


ಫೆಬ್ರವರಿ 19, 2003

ಕಂಚು,

ನಾನು ಕೇಳಿದ್ದೇನು, ನೀನು ಬರೆದದ್ದೇನು? ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಯಾರಿಂದ ಕಲಿತೆಯಪ್ಪ? ಮರೆತೆಯಂತೆ! ಇಪ್ಪತ್ತೆರಡು ವರ್ಷ ಮರೆಯದವನಿಗೆ ಈಗ ಮರೆವು ಬಂತೇ? ನಿನ್ನ ವಯಸ್ಸು ನಲವತ್ತೊಂದು. ಮರೆಯುವ ವಯಸ್ಸು ನನ್ನದು.

ನಿನ್ನ ಕಾಗದ ಬಂದ ದಿನವೇ ಕ್ಷೌರದಂಗಡಿಗೆ ಹೋಗಿದ್ದೆ. ಕುರ್ಚಿ ಖಾಲಿಯಾಗುವವರೆಗೆ ಎಂದು ಒಂದು ವಾರಪತ್ರಿಕೆ ಕೈಗೆತ್ತಿಕೊಂಡರೆ ಅದರಲ್ಲಿ ನೀನು! ಎರಡು ಪುಟ ತುಂಬ ನೀವು ಐವರು. ನಡುವೆ ಅವಳು. ಗುದ್ದಣ್ಣ ಮೂಲೆಯಲ್ಲಿ. ಇರಲಿ, ಅದು ನಿಮ್ಮ ಮನೆ ವಿಷಯ. ಆದರೆ ಅವಳ ಪಕ್ಕದಲ್ಲಿ ಇದ್ದದ್ದು ನನ್ನ ಪೆಟ್ಟಿಗೆ. ಅದರ ಮೇಲೆ ಅವಳ ಟೀ ಲೋಟ! ಎಡಗಡೆಯ ಮೂಲೆಯಲ್ಲಿ ಆ ಮೆಟ್ಟಿಲು ಕಚ್ಚಿದ ಗುರುತು ಕಂಡಿತು, ಆದ್ದರಿಂದ ಬೇರೆ ಪೆಟ್ಟಿಗೆ ಎಂದು ಹೇಳಬೇಡ. ಇಪ್ಪತ್ತೆರಡು ವರ್ಷ ಅದರ ಮೇಲೆ ಒಬ್ಬರೂ ಏನೂ ಇಡದ ಹಾಗೆ ನೋಡಿಕೊಂಡಿದ್ದೆವು. ಬಸ್ಸಿನಲ್ಲಿ ನಾನದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗಿದ್ದೆ, ಕಾಲು ಜೋಮು ಹಿಡಿದು ಇಳಿಯುವಾಗ ಬಿದ್ದಿದ್ದೆ.

ಲೋಟವನ್ನೂ ಕ್ಷಮಿಸುತ್ತಿದ್ದೆ. ಕೆಳಗೆ ನಿನ್ನ ಮಾತು ಅಚ್ಚಾಗಿದೆ. "ನಮ್ಮ ತಂಡಕ್ಕೆ ಈಗ ಹೊಸ ಕಿವಿ ಸಿಕ್ಕಿದೆ."

ಹೊಸ ಕಿವಿ. ಹಾಗಾದರೆ ಹಳೆಯ ಕಿವಿಯನ್ನು ಏನು ಮಾಡಿದೆ, ಕಂಚು? ಚಾಕರಿ ಮುಗಿಯಿತೆಂದು ಬಿಸಾಕಿದೆಯಾ? ಕ್ಷೌರಿಕ ಕುತ್ತಿಗೆಗೆ ಬಟ್ಟೆ ಸುತ್ತುತ್ತಾ "ಯಾಕೆ ಸಾರ್, ಮೈ ಹುಷಾರಿಲ್ವಾ" ಎಂದ. ಆ ಬಟ್ಟೆ ಸುತ್ತಿಕೊಂಡೇ ಎದ್ದು ಬರೋಣ ಅನ್ನಿಸಿತ್ತು.

ನಿನ್ನಕ್ಕನಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಾ ನಗಾಡಿದಳು. "ಅಲ್ರೀ, ಸವತಿ ಬಂದೋರ ಥರ ಆಡ್ತೀರಲ್ಲ! ಅವನು ನನ್ನ ತಮ್ಮ, ನಿಮ್ಮ ಗಂಡನಲ್ಲ" ಎಂದಳು. ನಗಲಿ. ಹೊಟ್ಟೆಕಿಚ್ಚು ಎನ್ನುವುದಾದರೆ ಹೌದು, ಹೊಟ್ಟೆಕಿಚ್ಚೇ. ಮುಚ್ಚಿಟ್ಟು ಏನು ಮಾಡಲಿ? ನನ್ನ ಅಂಗಡಿಗೆ ಈಗ ಬರುವುದು ದಿನಕ್ಕೆ ಮೂರು ಜನ. ಅದರಲ್ಲಿ ಇಬ್ಬರು ಗಡಿಯಾರ ಕೇಳಿಕೊಂಡು ಬಂದವರು, ಪಕ್ಕದ ಬಾಗಿಲು ಎಂದು ತೋರಿಸಿ ಕಳಿಸುತ್ತೇನೆ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಒಂದು ಕ್ಯಾಸೆಟ್ ಬರುತ್ತಿತ್ತು. ಆ ಬೆಳಗ್ಗೆ ನಾನು ಯಾರಾದರೂ ಆಗುತ್ತಿದ್ದೆ.

ಆ ಪೆಟ್ಟಿಗೆ ವಾಪಸ್ ಕಳಿಸು. ನಿಮಗೆ ಅದು ಲೋಟ ಇಡುವ ಮಣೆ. ನನಗೆ ಹಾಗಲ್ಲ.

ಭಾವ


ಮಾರ್ಚ್ 10, 2003

ಭಾವ,

ಕಾಗದ ತಲುಪಿತು. ಉತ್ತರ ತಡವಾಯಿತು, ಕ್ಷಮಿಸಿ.

ಪೆಟ್ಟಿಗೆ ಈಗ ಕಳಿಸುವುದು ಸ್ವಲ್ಪ ಕಷ್ಟ. ಏಪ್ರಿಲ್ ಕಾರ್ಯಕ್ರಮ ಮುಗಿಯಲಿ. ಅದನ್ನು ದಾರಿಯಲ್ಲಿ ಹಾಗೆಲ್ಲ ಅಲ್ಲಾಡಿಸುವಂತೆಯೂ ಇಲ್ಲ. ಎದುರಿಗೆ ಸಿಕ್ಕಾಗ ಎಲ್ಲ ಹೇಳುತ್ತೇನೆ.

ಅಕ್ಕನಿಗೆ ನಮಸ್ಕಾರ.

ಕಂಚು


ಮಾರ್ಚ್ 13, 2003

ಕಂಚು,

ಹತ್ತೊಂಬತ್ತು ದಿನ ಬಿಟ್ಟು ಬರೆದ ಕಾಗದ ಐದು ಸಾಲು! ಹಾಲಿನವನಿಗೆ ನಾಳೆ ಬೇಡ ಎಂದು ಬರೆಯುವ ಚೀಟಿಯೂ ಇದಕ್ಕಿಂತ ಉದ್ದವಾಗಿರುತ್ತದೆ.

ಅಲ್ಲಾಡಿಸುವಂತಿಲ್ಲ ಎಂದರೆ ಏನರ್ಥ? ಮಾರಿದೆಯಾ? ಒಡೆದೆಯಾ? ಅವಳು ಒಡೆದಳೋ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಿದೆ ನಿನ್ನ ಬರಹ.

ಬಿಡು. ನಾನೊಂದು ಮಾತು ಹೇಳುತ್ತೇನೆ, ಜಂಭ ಎಂದಾದರೂ ಅಂದುಕೋ. ನಿಮ್ಮ ಐದು ರೆಕಾರ್ಡು ನಿಂತದ್ದು ನನ್ನ ಕೈ ನಿಂತದ್ದರಿಂದ. ಈ ಆರನೆಯದನ್ನು ನಾನು ಮೊದಲೇ ಕೇಳಿದ್ದರೆ ನಾಲ್ಕನೇ ಹಾಡೊಂದು ಉಳಿಯುತ್ತಿತ್ತು, ಉಳಿದ ಎಂಟೂ ಕಸದ ಬುಟ್ಟಿಗೆ. ಆ ಒಂದು ಹಾಡಿನಲ್ಲಿ ನನ್ನ ಪೆಟ್ಟಿಗೆ ನಿಮ್ಮ ಮಾನ ಕಾಪಾಡಿದೆ. ನನ್ನ ತೇಪೆಯ ಸದ್ದನ್ನು ನಾನು ನಿದ್ದೆಯಲ್ಲೂ ಗುರುತಿಸುತ್ತೇನೆ. ನಿನ್ನ ಹೊಸ ಕಿವಿಗೆ ಅದು ಸಾಧ್ಯವಾ ಕೇಳು. ಏರುವವರೆಗೆ ಏಣಿ ಬೇಕು, ಏರಿದ ಮೇಲೆ ಒದೆಯುವುದು ಲೋಕಾರೂಢಿ.

ಟಿಕೆಟ್ ವಾಪಸ್ ಕಳಿಸಿದ್ದೇನೆ. ಲಕೋಟೆಯಲ್ಲಿ ಒಂದೇ ಇದೆ. ಇನ್ನೊಂದನ್ನು ನಿನ್ನಕ್ಕ ಕಿತ್ತುಕೊಂಡು ಸಕ್ಕರೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. "ನೀವು ಮುನಿಸಿಕೊಳ್ಳಿ, ನಾನ್ಯಾಕೆ ಮುನಿಸ್ಕೋಬೇಕು" ಅಂತೆ.

ಭಾವ


ಮಾರ್ಚ್ 27, 2003

ಭಾವ,

ಈ ಕಾಗದ ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನೂ ಹರಿಯುವ ಮೊದಲು ಅಂಚೆಗೆ ಹಾಕಬೇಕೆಂದು ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತೇ ಬರೆಯುತ್ತಿದ್ದೇನೆ.

ನಾನು ಮರೆಯಲಿಲ್ಲ. ಬೇಕೆಂದೇ ಕಳಿಸಲಿಲ್ಲ.

ನಪಾಸಾದ ಹಾಡುಗಳನ್ನು ಏನು ಮಾಡುತ್ತಿದ್ದೆ ಎಂದು ನೀವು ಯಾವತ್ತೂ ಕೇಳಲಿಲ್ಲ. ಬಿಸಾಕುತ್ತಿದ್ದೆ, ಭಾವ. ಹದಿನೇಳು ಹಾಡು. ಗುದ್ದಣ್ಣ ತನ್ನ ತಾಯಿ ಹೋದಾಗ ಬರೆದದ್ದೊಂದಿತ್ತು. "ಕೈ ನಿಲ್ಲಲಿಲ್ಲ, ಬಲು ಎಳೆತ" ಎಂದು ಎರಡು ಸಾಲು ಬರೆದಿದ್ದಿರಿ. ನಾನು ಅವನೆದುರಿಗೆ ಅದನ್ನು ಓದಿದೆ. ಅವನು ಸರಿ ಎಂದು ಎದ್ದು ಹೋಗಿ ಡ್ರಮ್ಮಿನ ಚರ್ಮ ಬಿಗಿ ಮಾಡಿಕೊಂಡು ಕೂತ. ಆಮೇಲೆ ಅವನು ಒಂದು ಹಾಡೂ ಬರೆಯಲಿಲ್ಲ. ತಪ್ಪು ನಿಮ್ಮದಲ್ಲ. ನೀವು ನಿಮಗೆ ಅನ್ನಿಸಿದ್ದು ಬರೆದಿರಿ. ಅದನ್ನು ದೇವರ ಮಾತು ಮಾಡಿಕೊಂಡವನು ನಾನು. ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದವನನ್ನು ಎಬ್ಬಿಸಿದ ಮನುಷ್ಯ ಬೇಡ ಎಂದ ಮೇಲೆ ಬೇಕು ಎನ್ನುವ ಧೈರ್ಯ ನನಗಿರಲಿಲ್ಲ. ಈ ಸಲ ಒಮ್ಮೆಯಾದರೂ ನಿಮಗೆ ಹೆದರದೆ ಹಾಡಬೇಕು ಅನ್ನಿಸಿತು. ಅದನ್ನು ನಿಮಗೆ ಹೇಳುವುದಕ್ಕೂ ಹೆದರಿ ಮರೆವು ಎಂದು ಸುಳ್ಳು ಬರೆದೆ.

ಇನ್ನು ಪೆಟ್ಟಿಗೆ. ಎರಡು ವರ್ಷದ ಹಿಂದೆ ಅದು ಮೂಕಾಯಿತು. ನಿಮ್ಮ ತೇಪೆ ಒಣಗಿ ಹಪ್ಪಳದ ಹಾಗೆ ಬಿರಿದಿತ್ತು. ನಿಮಗೆ ಹೇಳಲು ಬಾಯಿ ಬರಲಿಲ್ಲ, ನಿಮ್ಮ ಜೀವವೇ ಅದರಲ್ಲಿತ್ತಲ್ಲ. ಆರು ತಿಂಗಳು ಮೂಲೆಯಲ್ಲಿ ಬಿದ್ದಿತ್ತು. ಹೊಸಬಳು ಬಂದ ಮೊದಲ ವಾರವೇ ಅದನ್ನು ಬಿಚ್ಚಿ ನೋಡಿದಳು. "ಇದನ್ನ ಹಾಕಿದೋರು ಯಾರು? ಅವರನ್ನ ಕೇಳದೆ ಮುಟ್ಟಬಹುದಾ?" ಎಂದಳು. ನಾನು ಕೇಳಿದ್ದೇನೆ, ಒಪ್ಪಿದ್ದಾರೆ ಎಂದೆ. ಅದು ನನ್ನ ಇನ್ನೊಂದು ಸುಳ್ಳು. ಅವಳು ಅದರ ಮೇಲೆ ಇನ್ನೊಂದು ತೇಪೆ ಹಾಕಿದಳು. ಪೆಟ್ಟಿಗೆ ಮಾತಾಡಿತು, ಆದರೆ ಎರಡು ಪದರವಾದ ಮೇಲೆ ಅದರ ಗಂಟಲೇ ಬೇರೆ. ಗರಗರ ಹೋಯಿತು. ನಾವು ಬೇಕೆಂದು ಬಿಟ್ಟದ್ದಲ್ಲ.

ಒಂದು ಮಾತು ಹೇಳದೆ ಬಿಡೋಣವೆಂದುಕೊಂಡಿದ್ದೆ. ನಿಮ್ಮ ಮಾರ್ಚ್ 13ರ ಕಾಗದ ಓದಿದ ಮೇಲೆ ಬಿಡಲಾರೆ.

ನಾಲ್ಕನೇ ಹಾಡಿನಲ್ಲಿ ಪೆಟ್ಟಿಗೆ ಇಲ್ಲ. ಗಿಟಾರೇ ಇಲ್ಲ. ಅದು ಪೂರ್ತಿ ಅವಳ ಕೀಬೋರ್ಡು. ನಮ್ಮ ಮೊದಲ ರೆಕಾರ್ಡನ್ನು ಅವಳು ಹನ್ನೊಂದನೇ ವಯಸ್ಸಿನಿಂದ ಕೇಳುತ್ತಾ ಬಂದವಳು. ಆ ಸದ್ದು ಮತ್ತೆ ಹುಟ್ಟಿಸಬೇಕೆಂದು ಎರಡು ತಿಂಗಳು ಕೂತು ಮಾಡಿದ್ದು. ನಿಮ್ಮ ಪೆಟ್ಟಿಗೆ ಇರುವುದು ಕೊನೆಯ ಹಾಡಿನಲ್ಲಿ. ನೀವು ನೊಣ ಎಂದಿರಲ್ಲ, ಅದು.

ಪೆಟ್ಟಿಗೆಯನ್ನು ಇವತ್ತೇ ಪಾರ್ಸೆಲ್ ಮಾಡಿದ್ದೇನೆ. ಹೊಸಬಳು ಬೇಡವೆಂದಳು, ಆಮೇಲೆ ತನ್ನದೇ ಕಂಬಳಿ ಸುತ್ತಿ ಕಟ್ಟಿಕೊಟ್ಟಳು. ಲೋಟ ಇಟ್ಟದ್ದು ಅವಳಲ್ಲ, ಫೋಟೋ ತೆಗೆಯುವವನು. ಚಿತ್ರ ತೆಗೆದ ಕೂಡಲೇ ಅವಳು ಲೋಟ ಎತ್ತಿ ತನ್ನ ತೋಳಿನಿಂದ ಒರೆಸಿದಳು. ಅದನ್ನು ಪತ್ರಿಕೆಯವರು ಹಾಕಲಿಲ್ಲ.

ಕಾರ್ಯಕ್ರಮಕ್ಕೆ ಬೇರೆ ಪೆಟ್ಟಿಗೆ ಬಾಡಿಗೆಗೆ ತರುತ್ತೇವೆ. ಕೊನೆಯ ಹಾಡು ಹಾಡುವುದಿಲ್ಲ.

ಕಂಚು


ಏಪ್ರಿಲ್ 2, 2003

ಪೆಟ್ಟಿಗೆ ಬಂತು. ಸಹಿ ಹಾಕಿ ತೆಗೆದುಕೊಂಡಿದ್ದೇನೆ.


ಏಪ್ರಿಲ್ 11, 2003

ಕಂಚು,

ಎಂಟು ದಿನ ಪಾರ್ಸೆಲ್ಲು ಅಂಗಡಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿತ್ತು, ನಾನು ಬೆನ್ನು ತಿರುಗಿಸಿ ಕೂತಿದ್ದೆ. ನಿನ್ನ ಕಾಗದ ಸುಳ್ಳಾಗಿರಲಿ ಎಂದು ಬಯಸುತ್ತಿದ್ದೆ. ನಾಲ್ಕನೇ ಹಾಡನ್ನು ಎಷ್ಟು ಸಲ ಹಾಕಿ ಕೇಳಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಕೈ ನಿಂತಿತು. ಅದೇ ಕಣಯ್ಯ ಸಂಕಟ. ಅವಳು ಮಾಡಿದ್ದು ಎಂದು ಗೊತ್ತಾದ ಮೇಲೂ ನಿಲ್ಲುತ್ತದೆ. ಈ ಕೈಗೆ ಮಾನ ಮರ್ಯಾದೆ ಇಲ್ಲ.

ಹದಿನೇಳು ಹಾಡಿನ ವಿಷಯ. ನನ್ನ ಕೈ ನಿಲ್ಲುವುದು ಹಾಡಿಗಷ್ಟೇ ಅಲ್ಲ. ಬೀದಿಯಲ್ಲಿ ಯಾರಾದರೂ ಜಗಳವಾಡಿದರೂ ನಿಲ್ಲುತ್ತದೆ, ಕಾಲು ಜೋಮು ಹಿಡಿದರೂ ನಿಲ್ಲುತ್ತದೆ. ಗುದ್ದಣ್ಣನ ಕ್ಯಾಸೆಟ್ ಬಂದ ದಿನ ಒಬ್ಬ ಗಿರಾಕಿ ಎದುರಿಗೇ ಕೂತು ಅವಸರ ಮಾಡುತ್ತಿದ್ದ, ಬಸ್ಸು ತಪ್ಪುತ್ತದೆ ಎಂದು. ನಾನು ಮೂರನೇ ಸಲ ಕೇಳಲೇ ಇಲ್ಲ. ಕೇಳಿದೆ ಎಂದು ಬರೆದೆ. ಇಷ್ಟು ವರ್ಷ ಇದು ನನಗೂ ನೆನಪಿರಲಿಲ್ಲ, ನಿನ್ನ ಕಾಗದ ಓದಿದಾಗ ಬಂತು. ಗುದ್ದಣ್ಣನಿಗೆ ಇದನ್ನು ಓದಿ ಹೇಳು. ಬೈದರೆ ಬೈಸಿಕೊಳ್ಳುತ್ತೇನೆ.

ನಿನ್ನೆ ಪೆಟ್ಟಿಗೆ ಬಿಚ್ಚಿದೆ. ಒಪ್ಪಿಕೊಂಡು ಬಿಚ್ಚಲಿಲ್ಲ, ಅವಳ ಕೆಲಸದಲ್ಲಿ ತಪ್ಪು ಹುಡುಕಲು ಬಿಚ್ಚಿದೆ. ಮಸೂರ ಹಾಕಿಕೊಂಡು ಕೂತೆ. ಬೆಣ್ಣೆಯಲ್ಲೂ ಕಲ್ಲು ಹುಡುಕುವವನಿಗೆ ಒಂದಾದರೂ ಸಿಗಬೇಕಲ್ಲ? ಅಂಟು ಎಲ್ಲೂ ಗಂಟಾಗಿಲ್ಲ. ಬಟ್ಟೆಯ ಎಳೆ ಕಾಗದದ ಎಳೆಯ ದಿಕ್ಕಿಗೇ ಇದೆ. ನಾನು ತೇಪೆಯನ್ನು ಚೌಕವಾಗಿ ಕತ್ತರಿಸಿದ್ದೆ, ಚೌಕದ ಮೂಲೆ ಕಾಲಕ್ರಮೇಣ ಏಳುತ್ತದೆ, ಬಿರಿದದ್ದು ಅಲ್ಲಿಂದಲೇ. ಅವಳು ನಾಲ್ಕೂ ಮೂಲೆ ದುಂಡಗೆ ಕತ್ತರಿಸಿದ್ದಾಳೆ. ದುಂಡಗಿನ ಮೂಲೆ ಏಳುವುದಿಲ್ಲ. ನಲವತ್ತು ವರ್ಷದ ಕೆಲಸದಲ್ಲಿ ನನಗೆ ಇದು ಹೊಳೆಯಲಿಲ್ಲ. ಹೊಟ್ಟೆ ಉರಿಯಿತು ಕಣೋ, ಹೇಳುತ್ತೇನೆ ಕೇಳು, ಧಗಧಗ ಉರಿಯಿತು.

ಪೆಟ್ಟಿಗೆಯ ಒಳಮೈಯಲ್ಲಿ ಆಗ ನಾನು ಪೆನ್ಸಿಲಿನಲ್ಲಿ ಬರೆದದ್ದು ಇನ್ನೂ ಇದೆ: "ಒಂದು ದಿನ ಒಣಗಲಿ. ಅವಸರ ಮಾಡಿದರೆ ಕೈ ಮುರಿಯುತ್ತೇನೆ." ನಿನಗೆ ಬರೆದದ್ದು ಅದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಕೈಬರಹ: "ಎರಡು ದಿನ ಬಿಟ್ಟೆ. ನಿಮ್ಮ ಬಟ್ಟೆ ತೆಗೆದಿಲ್ಲ, ಅದರ ಮೇಲೆಯೇ ಹಾಕಿದ್ದೇನೆ."

ನಾನಾಗಿದ್ದರೆ ಹಳೆಯದನ್ನು ಕೆರೆದು ತೆಗೆಯುತ್ತಿದ್ದೆ. ಯಾವನೋ ಅನಾಡಿ ಹಾಕಿದ್ದು ಎಂದು ಬೈದುಕೊಂಡೇ ತೆಗೆಯುತ್ತಿದ್ದೆ. ನನ್ನ ಅಂಗಡಿಗೆ ಬೇರೆಯವರ ರಿಪೇರಿ ಬಂದಾಗಲೆಲ್ಲ ಹಾಗೇ ಮಾಡಿದ್ದೇನೆ.

ಆಮೇಲೆ ಪೆಟ್ಟಿಗೆ ಮುಚ್ಚಿ, ತಂತಿ ಜೋಡಿಸಿ, ನಿಮ್ಮ ಕೊನೆಯ ಹಾಡನ್ನು ಅದರಲ್ಲೇ ಹಾಕಿದೆ. ಒಂದು ಹಳೆಯ ರೇಡಿಯೋ ಬಿಚ್ಚಿಕೊಂಡು ಕೂತೆ. ನ್ಯಾಯವಾಗಿ ನೋಡಬೇಕೆಂದು ಗಿರಾಕಿಗಳು ಬಾರದಿರಲಿ ಎಂದು ಬಾಗಿಲು ಅರ್ಧ ಎಳೆದಿದ್ದೆ. ಸುಳ್ಳು ಯಾಕೆ ಹೇಳಲಿ, ಕೈ ನಿಲ್ಲಲಿಲ್ಲ. ಬೆಸುಗೆ ಸರಾಗವಾಗಿ ಸಾಗಿತು.

ನಿಂತದ್ದು ನಿನ್ನಕ್ಕನ ಕೈ. ಮನೆ ಕಡೆಯ ಬಾಗಿಲಲ್ಲಿ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಹೊರಟವಳು ಅಲ್ಲೇ ನಿಂತುಬಿಟ್ಟಳು. ಬುಟ್ಟಿಯಿಂದ ನೀರು ಅವಳ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು, ಅವಳಿಗೆ ಗೊತ್ತೇ ಆಗಲಿಲ್ಲ. ಹಾಡು ಮುಗಿಯುವವರೆಗೂ ಹಾಗೇ ಇದ್ದಳು. ಆಮೇಲೆ ಹೇಳಿದಳು, "ಇದು ನನ್ನ ಕೋಟಲ್ವೇನ್ರೀ? ಮೊದಲ ದಿನಾನೇ ನನಗೆ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?" ಎಂದೆ.

"ಕೊನೇ ಹಾಡು ಇಷ್ಟ ಅಂದೆನಲ್ಲ. ಇಷ್ಟ ಯಾಕೆ ಅಂತ ಕೇಳಿದ್ರಾ ನೀವು?"

ಆ ಕೋಟನ್ನು ಅವಳು ಹದಿನೈದು ಚಳಿಗಾಲ ಹಾಕಿಕೊಂಡಳು, ಕಂಚು. ಒಳಗೆ ಲೈನಿಂಗ್ ಇಲ್ಲದ ಕಡೆ ಗಾಳಿ ನುಗ್ಗುತ್ತಿತ್ತು. ತೋಳಿಗೆ ಹೋಗಬೇಕಾದ ಕೈ ಪ್ರತಿ ಸಲವೂ ಆ ತೂತಿನೊಳಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು, ಬಾಗಿಲಲ್ಲಿ ನಿಂತು ನಗುತ್ತಾ ಬಿಡಿಸಿಕೊಳ್ಳುತ್ತಿದ್ದಳು. ನಾನು ತೇಪೆ ನನ್ನದು, ಸದ್ದು ನನ್ನದು ಎಂದು ಇಪ್ಪತ್ತೆರಡು ವರ್ಷ ಡಂಗುರ ಹೊಡೆದೆ. ಬಟ್ಟೆ ಯಾರದು ಎಂದು ಒಂದು ದಿನವೂ ಅನ್ನಿಸಲಿಲ್ಲ. ಈ ಮನೆಯಲ್ಲಿ ಕಿವಿ ಇದ್ದದ್ದು ಯಾರಿಗೆ ಎಂದು ನಿನ್ನೆ ಗೊತ್ತಾಯಿತು. ಅದಕ್ಕೂ ಒಂದು ಚೂರು ಹೊಟ್ಟೆಕಿಚ್ಚಾಯಿತು. ನನ್ನ ಜಾತಕವೇ ಹಾಗಿದೆ.

ಇನ್ನು ಮೇಲೆ ನನಗೆ ಕ್ಯಾಸೆಟ್ ಕಳಿಸಬೇಡ. ನಾನು ಸಾಲಿನಲ್ಲಿ ನಿಂತು ಕೊಂಡು ಕೇಳುತ್ತೇನೆ. ಹಿಡಿಸದಿದ್ದರೆ ದುಡ್ಡು ಕೊಟ್ಟವನ ಹಕ್ಕಿನಿಂದ ಬೈಯುತ್ತೇನೆ, ನೀನು ಕಿವಿಗೆ ಹತ್ತಿ ಇಟ್ಟುಕೊಂಡು ಹಾಡು. ಆ ಹದಿನೇಳರಲ್ಲಿ ಉಳಿದಿರುವವು ಏನಾದರೂ ಇದ್ದರೆ ನಿನ್ನಕ್ಕನ ಹೆಸರಿಗೆ ಕಳಿಸು. ಗುದ್ದಣ್ಣನದು ಮೊದಲು. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ.

19ಕ್ಕೆ ಬಾಡಿಗೆ ಪೆಟ್ಟಿಗೆ ತರಬೇಡ. ಪಾರ್ಸೆಲ್ಲಿನವರನ್ನು ನಾನು ನಂಬುವುದಿಲ್ಲ. ಬೆಳಗಿನ ಬಸ್ಸಿಗೆ ತೊಡೆಯ ಮೇಲೆ ಇಟ್ಟುಕೊಂಡು ತರುತ್ತೇನೆ, ಕಂಬಳಿಯ ಸಮೇತ. ನಿನ್ನಕ್ಕ ಸಕ್ಕರೆ ಡಬ್ಬಿಯ ಟಿಕೆಟ್ ಹಿಡಿದು ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ನನಗೆ ಟಿಕೆಟ್ ಬೇಡ, ಸಾಮಾನು ಹೊತ್ತು ತರುವವನನ್ನು ಹಿಂಬಾಗಿಲಿಂದ ಬಿಡುತ್ತಾರೆ. ಕೊನೆಯ ಹಾಡು ಹಾಡಬೇಕು. ಹಾಡದಿದ್ದರೆ ಕೈ ಮುರಿಯುತ್ತೇನೆ.

ಪೆಟ್ಟಿಗೆಯ ಒಳಗೆ ಅವಳ ಸಾಲಿನ ಕೆಳಗೆ ನಾನು ನಿನ್ನೆಯ ತಾರೀಖು ಹಾಕಿ ಇಷ್ಟೇ ಬರೆದಿದ್ದೇನೆ: "ನೋಡಿದೆ. ಸರಿಯಾಗಿದೆ." ಅದಕ್ಕಿಂತ ಹೆಚ್ಚು ಬರೆಯಲು ಕೈ ಬರಲಿಲ್ಲ.

ಮೂಲೆ ದುಂಡಗೆ ಕತ್ತರಿಸುವುದನ್ನು ಯಾರು ಹೇಳಿಕೊಟ್ಟರು ಎಂದು ಅವಳನ್ನು ಕೇಳಿ ನೋಡು. ಯಾರೂ ಹೇಳಿಕೊಡಲಿಲ್ಲ ಎಂದರೆ ನನಗೆ ತಿಳಿಸಬೇಡ.

ಭಾವ